ಕೆಫಿರ್ ಕಾಳಿಗೆ ಜಮಖಂಡಿಯ ಬಿಸಿಲು ಜಾಸ್ತಿಯಾಯಿತು

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಮನೆಯಲ್ಲಿ ಎರಡು ಎಮ್ಮೆ ಇವೆ. ಪುಣೆಯಲ್ಲಿರುವ ನನ್ನ ತಂಗಿ ಯುಗಾದಿಗೆ ಬಂದಾಗ ಸಣ್ಣ ಡಬ್ಬಿಯಲ್ಲಿ ಕೆಫಿರ್ ಕಾಳು, ಅಂದರೆ ಹಾಲನ್ನು ಮೊಸರಿನ ಹಾಗೆ ಹುಳಿ ಬರಿಸುವ ಒಂದು ಬಗೆಯ ಹೆಪ್ಪು, ತಂದುಕೊಟ್ಟಳು. ಅವಳು ಹೇಳಿದ ಹಾಗೆ ಬೆಳಿಗ್ಗೆ ಹಾಲಿಗೆ ಹಾಕಿ 24 ಗಂಟೆ ಇಡುತ್ತೇನೆ. ಆದರೆ ಸಂಜೆಯೊಳಗೇ ನೀರು ಬೇರೆ, ಗಟ್ಟಿ ಬೇರೆ ಆಗಿಬಿಡುತ್ತದೆ. ಬಾಯಿಗಿಡಲಾಗದಷ್ಟು ಹುಳಿ. ಅತ್ತೆಗೆ ಶುಗರ್ ಇದೆ, ಅವರಿಗಾಗಿಯೇ ಶುರು ಮಾಡಿದ್ದು. ಅವರು ಲೋಟ ಮೂಸಿ ನೋಡಿ, ‘ಏನವಾ ಇದು, ಶೆರೆ ವಾಸನಿ ಬರಾಕತ್ತೈತಿ’ ಎಂದು ಪಕ್ಕಕ್ಕೆ ಸರಿಸಿದರು. ಎಂಟು ವರ್ಷದ ಮಗನಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಅವನಿಗೆ ಇದನ್ನು ಕೊಡಬಹುದಾ? ವಾಟ್ಸಾಪ್‌ನಲ್ಲಿ ನೋಡಿದರೆ ಬಿಪಿ, ಕೊಲೆಸ್ಟ್ರಾಲ್, ಕ್ಯಾನ್ಸರ್ ಎಲ್ಲದಕ್ಕೂ ಇದೇ ಮದ್ದು ಅನ್ನುತ್ತಾರೆ. ಮೊಸರು ಬಿಟ್ಟು ಇದನ್ನೇ ಹಿಡಿಯಬೇಕಾ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಮೂಗು ಸುಳ್ಳು ಹೇಳಿಲ್ಲ. ಕೆಫಿರ್‌ನಲ್ಲಿ ಸ್ವಲ್ಪ ಆಲ್ಕೋಹಾಲ್ ಇದ್ದೇ ಇರುತ್ತದೆ. ಮೊಸರಿನಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಬ್ಯಾಕ್ಟೀರಿಯಾ. ಕೆಫಿರ್ ಕಾಳಿನಲ್ಲಿ ಬ್ಯಾಕ್ಟೀರಿಯಾದ ಜೊತೆಗೆ ಯೀಸ್ಟ್ ಕೂಡ ಮನೆ ಮಾಡಿಕೊಂಡಿರುತ್ತದೆ. ಬ್ರೆಡ್ ಉಬ್ಬಿಸುವ ಯೀಸ್ಟಿನ ಬಳಗವೇ. ಅದು ಹಾಲಿನ ಸಕ್ಕರೆ ತಿಂದು ಒಂದಿಷ್ಟು ಗ್ಯಾಸ್, ಒಂದಿಷ್ಟು ಆಲ್ಕೋಹಾಲ್ ಬಿಡುತ್ತದೆ. ಸರಿಯಾಗಿ ಮಾಡಿದ ಮನೆಯ ಕೆಫಿರ್‌ನಲ್ಲಿ ಅದು ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಬಿಯರ್‌ನಲ್ಲಿ ಸುಮಾರು 5 ಇರುತ್ತದೆ, ಹೋಲಿಸಿ ನೋಡಿ. ಉಬ್ಬಿದ ದೋಸೆ ಹಿಟ್ಟಿನಲ್ಲಿ, ತೀರಾ ಹಣ್ಣಾದ ಬಾಳೆಹಣ್ಣಿನಲ್ಲೂ ಚೂರುಪಾರು ಇರುತ್ತದೆ. ಆದರೆ ಬಿಸಿಲಲ್ಲಿ, ಬಿಗಿ ಮುಚ್ಚಳದೊಳಗೆ, ಇಡೀ ದಿನ ಬಿಟ್ಟರೆ ಈ ಪ್ರಮಾಣ ಏರುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದೂ ಅದೇ ಅನಿಸುತ್ತದೆ. ಅದು ಶೆರೆ ಅಲ್ಲ, ಅತಿಯಾಗಿ ಹುಳಿ ಬಂದ ಹಾಲು. ಇಷ್ಟು ಹೇಳಿದ ಮೇಲೂ ಅತ್ತೆಯವರಿಗೆ ಮನಸ್ಸು ಒಪ್ಪದಿದ್ದರೆ, ವ್ರತ ನಿಯಮದ ಮಾತಿದ್ದರೆ, ಬಲವಂತ ಮಾಡಬೇಡಿ. ಮೊಸರು ಎಲ್ಲಿಗೂ ಓಡಿಹೋಗಿಲ್ಲ.

ಈಗ ಹಾಲು ಯಾಕೆ ಒಡೆಯುತ್ತದೆ ಅನ್ನುವುದು. ತಪ್ಪು ನಿಮ್ಮದಲ್ಲ, ಪುಣೆಯ ಲೆಕ್ಕದ್ದು. ಕೆಫಿರ್ ಹುಟ್ಟಿದ್ದು ರಷ್ಯಾದ ದಕ್ಷಿಣದ ಕಾಕಸಸ್ ಬೆಟ್ಟಗಳಲ್ಲಿ. ಅಲ್ಲಿ ಚಕ್ಕಳದ ಚೀಲದಲ್ಲಿ ಹಾಲು ತುಂಬಿ ಬಾಗಿಲ ಹತ್ತಿರ ನೇತು ಹಾಕುತ್ತಿದ್ದರಂತೆ. ಬಂದವರು ಹೋದವರು ಅದಕ್ಕೊಂದು ಏಟು ಕೊಟ್ಟು ಹೋಗಬೇಕು, ಕಾಳು ಹಾಲು ಕಲೆಯಲಿ ಅಂತ. ಅಂಥ ತಣ್ಣನೆ ಊರಿನ ಪದಾರ್ಥ ಇದು. 20ರಿಂದ 25 ಡಿಗ್ರಿ ಶಾಖ ಇದ್ದರೆ ಖುಷಿಯಾಗಿರುತ್ತದೆ. ಎಲ್ಲ ಕಡೆ ಹೇಳುವ ‘24 ಗಂಟೆ’ ಆ ಶಾಖಕ್ಕೆ ಮಾತ್ರ ಸರಿ. ಯುಗಾದಿ ಕಳೆದ ಮೇಲೆ ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಹೊರಗೆ 40 ದಾಟುತ್ತದೆ, ಅಡುಗೆಮನೆಯೊಳಗೆ 34, 35. ಅಲ್ಲಿ ಎಂಟು ಹತ್ತು ಗಂಟೆ ಸಾಕು, ಆಟ ಮುಗಿಯಿತು. ನಾನಿರುವ ಬೆಳಗಾವಿ ಎತ್ತರದಲ್ಲಿದೆ, ಮಳೆಗಾಲದಲ್ಲಂತೂ ಇಲ್ಲಿ ಪೂರ್ತಿ ಒಂದು ದಿನ ಇಟ್ಟರೂ ಏನೂ ಆಗುವುದಿಲ್ಲ. ಅದೇ ಕಾಳನ್ನು ಮೇ ತಿಂಗಳಲ್ಲಿ ವಿಜಯಪುರದ ತವರುಮನೆಗೆ ಒಯ್ದರೆ ಮಧ್ಯಾಹ್ನದ ಊಟದೊಳಗೇ ಗಟ್ಟಿಯಾಗಿ ಕೂತಿರುತ್ತದೆ.

ಹಾಗಾಗಿ ಗಡಿಯಾರ ಬಿಡಿ, ಬರಣಿ ನೋಡಿ. ಗಾಜಿನ ಬರಣಿಯನ್ನು ಮೆಲ್ಲಗೆ ಓರೆ ಮಾಡಿ. ಹಾಲು ಗೋಡೆ ಬಿಟ್ಟು ಒಂದೇ ಮುದ್ದೆಯಾಗಿ, ಪೂರ್ತಿ ಹೆಪ್ಪಾಗದ ಮೊಸರಿನ ಹಾಗೆ ಅಲುಗಬೇಕು. ತಳದಲ್ಲಿ ಹೆಸರುಕಾಳಿನಷ್ಟು ಅಲ್ಲಲ್ಲಿ ತಿಳಿನೀರಿನ ಗುಳ್ಳೆ ಕಂಡರೆ ಅದೇ ಹೊತ್ತು. ಆಗಲೇ ಸೋಸಿ. ನೀರಿನ ಪಟ್ಟಿ ಅಗಲವಾಗಿ ಕಂಡಿತೆಂದರೆ ಒಂದೆರಡು ಗಂಟೆ ತಡವಾಯಿತು ಅಂತ ಅರ್ಥ. ಆದರೂ ಚೆಲ್ಲಬೇಡಿ, ಕೆಟ್ಟಿಲ್ಲ. ತಾಲಿಪಟ್ಟಿ ಹಿಟ್ಟು ಕಲಸಲು ಬಹಳ ಚಲೋ ಆಗುತ್ತದೆ. ಕಾದ ಹಂಚಿನ ಮೇಲೆ ಸೂಕ್ಷ್ಮಜೀವಿಗಳು ಸತ್ತರೂ ಪ್ರೊಟೀನು, ಕ್ಯಾಲ್ಸಿಯಂ ಎಲ್ಲೂ ಹೋಗುವುದಿಲ್ಲ.

ಬೇಸಿಗೆಗೆ ಮೂರು ಬದಲಾವಣೆ ಮಾಡಿ. ಒಂದು, ಕಾಳು ಕಡಿಮೆ ಮಾಡಿ. ಅರ್ಧ ಲೀಟರ್ ಹಾಲಿಗೆ ಒಂದು ಚಹಾ ಚಮಚ ಸಾಕು. ನೀವು ತಂಗಿ ಕೊಟ್ಟಿದ್ದನ್ನೆಲ್ಲ ಒಮ್ಮೆಗೇ ಹಾಕುತ್ತಿರಬೇಕು, ಕಾಳು ಜಾಸ್ತಿಯಾದಷ್ಟೂ ಹುಳಿ ಬೇಗ ಬರುತ್ತದೆ. ಎರಡು, ಬೆಳಿಗ್ಗೆಯ ಬದಲು ರಾತ್ರಿ ಒಂಬತ್ತಕ್ಕೆ ಹಾಕಿ, ಬೆಳಗಿನ ಆರಕ್ಕೆ ನೋಡಿ. ಮೂರು, ಅಗಲವಾದ ಪರಾತದಲ್ಲಿ ನಾಲ್ಕು ಬೆರಳು ನೀರು ಹಾಕಿ ಬರಣಿಯನ್ನು ಅದರಲ್ಲಿ ನಿಲ್ಲಿಸಿ. ಹಳೆಯ ಪಂಚೆಯ ತುಂಡು ಒದ್ದೆ ಮಾಡಿ ಬರಣಿಗೆ ಸುತ್ತಿ, ಅದರ ಅಂಚು ನೀರಲ್ಲೇ ಮುಳುಗಿರಲಿ. ಬಟ್ಟೆ ನೀರು ಹೀರಿಕೊಳ್ಳುತ್ತಾ ಇರುತ್ತದೆ, ಗಾಳಿ ಅದನ್ನು ಆರಿಸುತ್ತಾ ಇರುತ್ತದೆ, ಬರಣಿ ತಣ್ಣಗಿರುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಕ್ರಮವೇ ಇದು. ನಮ್ಮ ಕಡೆ ಬೇಸಿಗೆಯ ಗಾಳಿ ಒಣ ಆಗಿರುವುದರಿಂದ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಮಂಗಳೂರಿನವರು ಮಾಡಿದರೆ ಬಟ್ಟೆ ಸುಮ್ನೆ ಒದ್ದೆಯಾಗಿ ಕೂರುತ್ತದೆ ಅಷ್ಟೇ.

ಎಮ್ಮೆ ಹಾಲಿನ ಬಗ್ಗೆ ಒಂದು ಮಾತು. ಹಾಲು ಮನೆಯದೇ, ತಾಜಾ, ಅಂತ ಕಾಯಿಸದೆ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ದನ ಎಮ್ಮೆಗಳಿಂದ ಹಸಿ ಹಾಲಿನ ಮೂಲಕ ಬ್ರುಸೆಲ್ಲೋಸಿಸ್ ಅನ್ನುವ ಜ್ವರ ಮನುಷ್ಯರಿಗೆ ಅಂಟುತ್ತದೆ. ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಮೈಕೈ ಕೀಲು ನೋವು. ಹುಳಿ ಬಂದರೆ ಆ ರೋಗಾಣು ಸಾಯುತ್ತದೆ ಅಂತ ನಂಬಿ ಕೂರಬಾರದು. ಚೆನ್ನಾಗಿ ಉಕ್ಕಿಸಿ, ಪೂರ್ತಿ ಆರಿಸಿ. ಇಲ್ಲೇ ಹೆಚ್ಚಿನವರು ಎಡವುವುದು. ಮೊಸರಿಗೆ ಹೆಪ್ಪು ಹಾಕುವಾಗ ಹಾಲು ಉಗುರುಬೆಚ್ಚಗೆ ಇರಬೇಕು ಅಂತ ನಮ್ಮ ಕೈಗೆ ರೂಢಿಯಾಗಿದೆ. ಕೆಫಿರ್‌ಗೆ ಆ ಬೆಚ್ಚಗೂ ಬೇಡ. ಪಾತ್ರೆ ಮುಟ್ಟಿದರೆ ತಣ್ಣಗೇ ಅನಿಸಬೇಕು. ಬಿಸಿ ಹಾಲು ಬಿದ್ದರೆ ಕಾಳು ಸೊರಗುತ್ತದೆ. ಇನ್ನೊಂದು, ಎಮ್ಮೆ ಹಾಲಿನಲ್ಲಿ ಜಿಡ್ಡು ಶೇಕಡಾ 6, 7ರ ಆಚೀಚೆ. ಆ ಕೆನೆ ಕಾಳಿಗೆ ಮೆತ್ತಿಕೊಂಡರೆ ಅದು ಬೆಳೆಯುವುದಿಲ್ಲ. ಕಾಯಿಸಿದ ಹಾಲು ಆರಿದ ಮೇಲೆ ಮೇಲಿನ ಕೆನೆ ತೆಗೆದು ಬೆಣ್ಣೆಗೆ ಇಟ್ಟುಕೊಳ್ಳಿ, ಉಳಿದದ್ದು ಕಾಳಿಗೆ. ಪೇಟೆಯಲ್ಲಿರುವವರಿಗೆ ಶೇಕಡಾ 3 ಜಿಡ್ಡಿನ ನಂದಿನಿ ನೀಲಿ ಪ್ಯಾಕೆಟ್ ಸಾಕಾಗುತ್ತದೆ.

ಕಾಳು ಅಂದೆ, ಆದರೆ ಇದು ಕಾಳಲ್ಲ ಬಿಡಿ. ಬಿತ್ತಿದರೆ ಮೊಳೆಯುವುದಿಲ್ಲ. ನೋಡಲು ಹೂಕೋಸಿನ ಪುಟ್ಟ ತುಣುಕು, ಬೆರಳಲ್ಲಿ ಒತ್ತಿದರೆ ನೆನೆದ ಸಾಬೂದಾನಿಯ ಹಾಗೆ ಜಾರುತ್ತದೆ, ಸ್ವಲ್ಪ ರಬ್ಬರಿನ ಗುಣ. ಬ್ಯಾಕ್ಟೀರಿಯಾ ಯೀಸ್ಟುಗಳು ಸೇರಿ ಕೆಫಿರಾನ್ ಅನ್ನುವ ಅಂಟು ಮತ್ತು ಪ್ರೊಟೀನಿನಿಂದ ಕಟ್ಟಿಕೊಂಡ ಗೂಡು ಅದು. ಹಾಲಿನಿಂದ ಹೊಸದಾಗಿ ನೀವು ನಾವು ಹುಟ್ಟಿಸಲು ಬರುವುದಿಲ್ಲ. ಇದ್ದವರಿಂದಲೇ ತರಬೇಕು, ಹೆಪ್ಪು ತಂದ ಹಾಗೆ. ಅಂಗಡಿಯ ಪುಡಿಯಿಂದಲೂ ಮಾಡಬಹುದು, ಆದರೆ ನಾಲ್ಕಾರು ಸಲ ಆದ ಮೇಲೆ ಅದು ಸೋಲುತ್ತದೆ. ಸಕ್ಕರೆ ನೀರಿನಲ್ಲಿ ಮಾಡುವ ಇನ್ನೊಂದು ಕೆಫಿರ್ ಇದೆ, ಅದರ ಕಾಳೇ ಬೇರೆ. ಒಂದನ್ನು ಇನ್ನೊಂದರಲ್ಲಿ ಹಾಕಬೇಡಿ.

ಪಾತ್ರೆ ಗಾಜು ಅಥವಾ ಪಿಂಗಾಣಿ. ಸೋಸಲು ಸ್ಟೀಲಿನ ಜಾಲರಿ ನಡೆಯುತ್ತದೆ, ಪ್ಲಾಸ್ಟಿಕ್ಕೂ ನಡೆಯುತ್ತದೆ. ‘ಲೋಹ ತಾಗಿದರೆ ಕಾಳು ಸಾಯುತ್ತದೆ’ ಅನ್ನುವುದು ಸ್ಟೀಲಿನ ಮಟ್ಟಿಗೆ ಸುಳ್ಳು. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಮಾತ್ರ ಬೇಡ, ಹುಳಿಗೆ ಅವು ಕರಗುತ್ತವೆ. ಸೋಸಿದ ಕಾಳನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ. ನೇರ ಹೊಸ ಹಾಲಿಗೆ ಹಾಕಿ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಅಥವಾ ಮುಚ್ಚಳ ಸಡಿಲ ಇಡಿ.

ಸಡಿಲ ಅಂತ ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ, ಮೇ ತಿಂಗಳು, ಬಾಗಲಕೋಟೆಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ನೀರಿನ ಬಾಟಲಿಯಲ್ಲಿ ಕೆಫಿರ್ ತುಂಬಿ, ಚೆಲ್ಲದಿರಲಿ ಎಂದು ಮುಚ್ಚಳ ಗಟ್ಟಿಯಾಗಿ ತಿರುಗಿಸಿದ್ದೆ. ಲೋಕಾಪುರ ದಾಟಿದ ಮೇಲೆ ಬಾಯಾರಿತು. ಬಾಟಲಿ ಕೈಗೆತ್ತಿಕೊಂಡರೆ ಹೊಟ್ಟೆ ಉಬ್ಬಿ ಬಿಗಿಯಾಗಿದೆ. ಬುದ್ಧಿ ಇದ್ದವರು ಅಲ್ಲಿಗೇ ನಿಲ್ಲಿಸುತ್ತಿದ್ದರು, ನಾನು ಮುಚ್ಚಳ ತಿರುಗಿಸಿದೆ. ಅರ್ಧ ಬಾಟಲಿ ಪಕ್ಕದ ಅಜ್ಜನ ಬಿಳಿ ಪಟಕದ ಮೇಲೆ. ಅವರು ಒರೆಸಿಕೊಂಡು, ಬೆರಳು ನೆಕ್ಕಿ ನೋಡಿ, ‘ತಂಗಿ, ಇದು ಮಜ್ಜಿಗಿನೋ, ಸೋಡಾನೋ?’ ಎಂದು ಕೇಳಿದರು. ಯೀಸ್ಟ್ ಬಿಡುವ ಗ್ಯಾಸಿಗೆ ದಾರಿ ಇಲ್ಲದಿದ್ದರೆ ಹೀಗಾಗುತ್ತದೆ. ಗಾಜಿನ ಬಾಟಲಿಯಾಗಿದ್ದರೆ ನಗುವ ಮಾತಾಗುತ್ತಿರಲಿಲ್ಲ.

ಇನ್ನು ಲಾಭ ಏನು ಅನ್ನುವುದು. ಇಲ್ಲಿ ವಾಟ್ಸಾಪ್‌ಗೂ ನನಗೂ ಸ್ವಲ್ಪ ಜಗಳ ಇದೆ.

ನಿಮ್ಮ ಮಗನ ವಿಷಯದಲ್ಲಿ ಆಧಾರ ಚೆನ್ನಾಗಿಯೇ ಇದೆ. ಹಾಲಿನ ಸಕ್ಕರೆಗೆ ಲ್ಯಾಕ್ಟೋಸ್ ಅನ್ನುತ್ತಾರೆ. ಅದನ್ನು ಒಡೆಯುವ ಕಿಣ್ವ ಹೊಟ್ಟೆಯಲ್ಲಿ ಕಡಿಮೆ ಇದ್ದವರಿಗೆ ಹಾಲು ಕುಡಿದರೆ ಉಬ್ಬರ, ಗುಡುಗುಡು, ಭೇದಿ. ಕೆಫಿರ್‌ನಲ್ಲಿ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ, ಉಳಿದದ್ದನ್ನು ಒಡೆಯುವ ಕಿಣ್ವವನ್ನೂ ಹೊತ್ತು ತರುತ್ತವೆ. 2003ರಲ್ಲಿ ಅಮೆರಿಕದಲ್ಲಿ ಹಾಲು ಜೀರ್ಣವಾಗದ 15 ಮಂದಿ ದೊಡ್ಡವರ ಮೇಲೆ ನಡೆದ ಅಧ್ಯಯನದಲ್ಲಿ, ಹಾಲಿಗಿಂತ ಕೆಫಿರ್ ಕುಡಿದಾಗ ಗ್ಯಾಸಿನ ತೊಂದರೆ ಚೆನ್ನಾಗಿ ಕಡಿಮೆಯಾಗಿತ್ತು. ಆದರೆ ಅದೇ ಅಧ್ಯಯನದಲ್ಲಿ ಮೊಸರಿನ ಫಲವೂ ಹೆಚ್ಚು ಕಡಿಮೆ ಹಾಗೇ ಬಂದಿತ್ತು. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ? ಮಗನಿಗೆ ಬೆಳಿಗ್ಗೆ ಸೋಸಿದ, ಹುಳಿ ಕಡಿಮೆ ಇರುವ ಕೆಫಿರ್ ಎರಡು ಮೂರು ಚಮಚದಿಂದ ಶುರು ಮಾಡಿ. ವಾರ ಕಳೆದ ಮೇಲೆ ಅರ್ಧ ಚಹಾ ಕಪ್ಪು ಸಾಕು. ಎರಡು ದಿನ ಹಳೆಯದನ್ನು, ಮೂಗಿಗೆ ಹೊಡೆಯುವಂಥದ್ದನ್ನು ಮಕ್ಕಳಿಗೆ ಕೊಡಬೇಡಿ. ಹಾಲು ಕುಡಿದರೆ ಉಬ್ಬರದ ಬದಲು ಮೈ ಮೇಲೆ ಗಂದೆ ಏಳುವುದು, ವಾಂತಿ, ಉಬ್ಬಸ ಆಗುವುದಿದ್ದರೆ ಅದು ಹಾಲಿನ ಪ್ರೊಟೀನಿನ ಅಲರ್ಜಿ. ಅಂಥವರಿಗೆ ಕೆಫಿರ್ ಕೂಡ ಆಗದು. ಮಗನ ತೂಕ ಏರದಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಬಿಟ್ಟು ಮಕ್ಕಳ ಡಾಕ್ಟರಿಗೆ ತೋರಿಸಿ.

ಅತ್ತೆಯವರ ಶುಗರ್. ಇರಾನಿನಲ್ಲಿ 60 ಮಂದಿ ಶುಗರ್ ಇದ್ದವರಲ್ಲಿ ಅರ್ಧ ಜನಕ್ಕೆ ಎಂಟು ವಾರ ದಿನಕ್ಕೆ 600 ಮಿಲಿ ಕೆಫಿರ್ ಕೊಟ್ಟು ನೋಡಿದ್ದಾರೆ, ಉಳಿದವರಿಗೆ ಬೇರೆ ಹುಳಿ ಹಾಲು. ಕೆಫಿರ್ ಕುಡಿದವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿದಿತ್ತು. ಒಳ್ಳೆಯ ಸುದ್ದಿಯೇ. ಆದರೆ 600 ಮಿಲಿ ಅಂದರೆ ಮೂರು ದೊಡ್ಡ ಲೋಟ, ಎಂಟೇ ವಾರ, ಬೆರಳೆಣಿಕೆಯ ಜನ. ಇದನ್ನು ನಂಬಿ ಮಾತ್ರೆ ತಪ್ಪಿಸುವ ಹಾಗಿಲ್ಲ. ಕೆಫಿರ್‌ನಲ್ಲೂ ಹಾಲಿನ ಸಕ್ಕರೆ ಒಂದಿಷ್ಟು ಉಳಿದೇ ಇರುತ್ತದೆ, ಊಟದ ಲೆಕ್ಕದಲ್ಲಿ ಅದನ್ನು ಒಂದು ಲೋಟ ಹಾಲು ಅಂತಲೇ ಹಿಡಿಯಿರಿ. ಬೆಲ್ಲ ಸಕ್ಕರೆ ಬೆರೆಸಬೇಡಿ. ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು, ಕೊತ್ತಂಬರಿ ಹಾಕಿ ಮಜ್ಜಿಗೆಯ ಹಾಗೆ ತೆಳ್ಳಗೆ ಮಾಡಿ ಕೊಟ್ಟು ನೋಡಿ, ವಾಸನೆಯೂ ಮರೆಯಾಗುತ್ತದೆ. ಕೆಫಿರ್ ಎಂದು ಹೇಳದೆ ಕೊಡಬೇಡಿ ಮಾತ್ರ. ಮೋಸ ಮಾಡಿ ಕುಡಿಸಿದ್ದು ಒಂದು ದಿನ ಗೊತ್ತಾದರೆ ಮುಂದೆ ನಿಮ್ಮ ಕೈಯ ಮಜ್ಜಿಗೆಯನ್ನೂ ಮುಟ್ಟುವುದಿಲ್ಲ.

ಕೊಲೆಸ್ಟ್ರಾಲ್ ಕತೆ ಇನ್ನೂ ಸಪ್ಪೆ. 2002ರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇದ್ದ 13 ಮಂದಿ ಗಂಡಸರಿಗೆ ಕೆಫಿರ್ ಕೊಟ್ಟು ನೋಡಿದಾಗ ಹಾಲಿಗಿಂತ ಬೇರೆ ಫಲ ಸಿಗಲಿಲ್ಲ. ಆಂಟಿಬಯೋಟಿಕ್ ತೆಗೆದುಕೊಳ್ಳುವಾಗ ಆಗುವ ಭೇದಿಗೆ ಕೆಫಿರ್ ರಾಮಬಾಣ ಅನ್ನುತ್ತಾರೆ. 2009ರಲ್ಲಿ 125 ಮಕ್ಕಳ ಮೇಲೆ ನೋಡಿದಾಗ ಒಟ್ಟಾರೆ ಅದೂ ನಿಲ್ಲಲಿಲ್ಲ. ಕ್ಯಾನ್ಸರ್ ಮಾತು ಬಂದಿರುವುದು ಹೆಚ್ಚಾಗಿ ಪ್ರಯೋಗಾಲಯದ ಜೀವಕೋಶ ಮತ್ತು ಇಲಿಗಳಿಂದ. ಮನುಷ್ಯರ ಕ್ಯಾನ್ಸರ್ ಕೆಫಿರ್‌ನಿಂದ ವಾಸಿಯಾಗುತ್ತದೆ ಅನ್ನಲು ಆಧಾರ ಇಲ್ಲ. ಕೀಮೋ ನಡೆಯುತ್ತಿರುವವರಿಗೆ, ಅಂಗ ಕಸಿ ಆದವರಿಗೆ ಮನೆಯಲ್ಲಿ ಹೀಗೆ ಜೀವಂತ ಸೂಕ್ಷ್ಮಜೀವಿ ತುಂಬಿದ ಹಾಲು ಡಾಕ್ಟರನ್ನು ಕೇಳದೆ ಕೊಡುವುದು ಅಪಾಯ ಕೂಡ. ಅಮೀಬಾ ಭೇದಿಗೆ, ವಸಡಿನ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ನಡೆಯುತ್ತಿದ್ದರೆ ಆ ದಿನಗಳಲ್ಲಿ ಕೆಫಿರ್ ನಿಲ್ಲಿಸಿ. ಆ ಮಾತ್ರೆಯ ಜೊತೆ ಆಲ್ಕೋಹಾಲ್ ಬೇಡ ಎಂದೇ ಎಚ್ಚರಿಕೆ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು ಹಾಲಿನ ಪದಾರ್ಥ ಎಷ್ಟು ಅಂತ ಮೊದಲೇ ಕೇಳಿಕೊಳ್ಳಬೇಕು.

ದೀರ್ಘಾಯುಸ್ಸಿನ ಮಾತೂ ಬಂದಿರಬೇಕು ನಿಮಗೆ, ಜೊತೆಗೆ ಮೆಚ್ನಿಕಾಫ್ ಎಂಬ ವಿಜ್ಞಾನಿಯ ಹೆಸರು. ದೊಡ್ಡ ಮನುಷ್ಯರೇ, 1908ರ ನೊಬೆಲ್ ಬಹುಮಾನ ಹಂಚಿಕೊಂಡವರು. ಆದರೆ ಆ ಬಹುಮಾನ ರೋಗನಿರೋಧಕ ಶಕ್ತಿಯ ಮೇಲಿನ ಕೆಲಸಕ್ಕೆ ಬಂದದ್ದು. ಆಯುಸ್ಸಿನ ವಿಷಯದಲ್ಲಿ ಅವರು ಮುಖ್ಯವಾಗಿ ಹೊಗಳಿದ್ದು ಬಲ್ಗೇರಿಯಾದ ಹುಳಿ ಹಾಲನ್ನು, ಅಂದರೆ ನಮ್ಮ ಮೊಸರಿನ ಅಣ್ಣತಮ್ಮನನ್ನು. ದಿನಾ ಅದನ್ನು ಕುಡಿಯುತ್ತಿದ್ದ ಅವರೂ 71ಕ್ಕೇ ತೀರಿಕೊಂಡರು.

ಹಾಗಾದರೆ ಕುಡಿಯುವುದು ಯಾಕೆ? ಒಳ್ಳೆಯ ಆಹಾರ ಅಂತ ಕುಡಿಯುವುದು. 200 ಮಿಲಿ ಲೋಟದಲ್ಲಿ ಆಕಳ ಹಾಲಿನ ಲೆಕ್ಕಕ್ಕೆ 6 ಗ್ರಾಂ ಮೀರಿ ಪ್ರೊಟೀನು, ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000, ಅಂದರೆ ಹತ್ತಿರ ಹತ್ತಿರ ಕಾಲು ಪಾಲು. ಎಮ್ಮೆ ಹಾಲಾದರೆ ಇನ್ನೂ ಸ್ವಲ್ಪ ಜಾಸ್ತಿ. ಜೊತೆಗೆ ಮೊಸರಿಗಿಂತ ಹೆಚ್ಚು ಬಗೆಯ ಸೂಕ್ಷ್ಮಜೀವಿಗಳು. ಅವು ಕರುಳಿಗೆ ಒಳ್ಳೆಯದು ಮಾಡುವ ಲಕ್ಷಣ ಇದೆ. ನನ್ನ ಹತ್ತಿರ ಬರುವವರಲ್ಲಿ ಮಲಬದ್ಧತೆ ಇದ್ದ ಕೆಲವರು ‘ಹೊಟ್ಟೆ ಹಗುರಾಯಿತು’ ಎಂದಿದ್ದಾರೆ. ಆದರೆ ಅವರೆಲ್ಲ ಅದೇ ಹೊತ್ತಿಗೆ ರಾತ್ರಿ ಊಟ ಬೇಗ ಮಾಡಿ, ನೀರು ಜಾಸ್ತಿ ಕುಡಿಯಲೂ ಶುರು ಮಾಡಿದ್ದರು. ಯಾವುದರ ಪುಣ್ಯವೋ, ಹೇಗೆ ಹೇಳಲಿ?

ಮೊಸರು ಬಿಡಬೇಕಾ ಅಂದಿರಲ್ಲ, ಬಿಡಬೇಡಿ. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಪಕ್ಕದಲ್ಲಿ ಗಟ್ಟಿ ಮೊಸರು ಇರುವ ಜಾಗದಲ್ಲಿ ಕೆಫಿರ್ ಸುರಿದುಕೊಂಡು ಉಣ್ಣಲು ನನಗೇ ಮನಸ್ಸು ಬರುವುದಿಲ್ಲ. ನಾನು ಅದನ್ನು ಬೆಳಗಿನ ಹತ್ತು ಗಂಟೆಗೆ ಬೇರೆಯಾಗಿ ಕುಡಿಯುತ್ತೇನೆ, ವಾರದಲ್ಲಿ ನಾಲ್ಕೈದು ದಿನ. ನೀವೂ ಮೊದಲ ವಾರ ಅರ್ಧ ಚಹಾ ಕಪ್ಪಿಗೆ ನಿಲ್ಲಿಸಿ. ಶುರುವಿನಲ್ಲಿ ಸ್ವಲ್ಪ ಗ್ಯಾಸ್ ಆದೀತು, ತಾನೇ ಸರಿಹೋಗುತ್ತದೆ. ಆಮೇಲೆ ಒಂದು ಲೋಟದವರೆಗೆ ಹೋಗಬಹುದು.

ಕೆಟ್ಟಿದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಗುಲಾಬಿ, ಕಿತ್ತಳೆ, ಕಪ್ಪು ಬಣ್ಣದ ಕಲೆ ಅಥವಾ ಹತ್ತಿಯಂಥ ಬೂಷ್ಟು ಕಂಡರೆ ಹಾಲು, ಕಾಳು ಎರಡನ್ನೂ ಎಸೆಯಿರಿ. ‘ಮೇಲಿಂದ ತೆಗೆದುಬಿಟ್ಟರಾಯಿತು’ ಅನ್ನಬೇಡಿ. ಹುಳಿ ವಾಸನೆ, ಹಿಟ್ಟು ಉಬ್ಬಿದ ವಾಸನೆ ಸರಿ. ಕೊಳೆತ ವಾಸನೆ ಸರಿಯಲ್ಲ.

ಊರಿಗೆ ಹೋಗುವುದಿದ್ದರೆ, ಬನಶಂಕರಿ ಜಾತ್ರೆಗೆ ನಾಲ್ಕು ದಿನ ಅಂತ ಇಟ್ಟುಕೊಳ್ಳಿ, ಕಾಳು ಮುಳುಗುವಷ್ಟು ಹಾಲು ಹಾಕಿ ಫ್ರಿಜ್‌ನಲ್ಲಿಡಿ. ವಾರ ಹತ್ತು ದಿನ ತಡೆಯುತ್ತದೆ. ಬಂದ ಮೇಲೆ ಒಂದೆರಡು ಸಲ ಮಂಕಾಗಿ ಕೆಲಸ ಮಾಡುತ್ತದೆ, ಮೂರನೆಯ ಸಲಕ್ಕೆ ಹಳಿಗೆ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಕೆಲವೇ ವಾರಗಳಲ್ಲಿ ಕಾಳು ಎರಡು ಪಟ್ಟಾಗುತ್ತದೆ, ಆಗ ಇನ್ನೊಂದು ತಾಪತ್ರಯ. ಜಾಸ್ತಿಯಾದದ್ದನ್ನು ಹಾಗೇ ಜಗಿದು ತಿನ್ನಬಹುದು, ಓಣಿಯಲ್ಲಿ ಯಾರಾದರೂ ಕೇಳಿದರೆ ಕೊಡಬಹುದು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅನ್ನುತ್ತಾರಲ್ಲ, ಕೆಫಿರ್ ಕಾಳಿಗೂ ಅದೇ ನಿಯಮವೋ ಹೇಗೆ ಅನ್ನುವುದನ್ನು ಮಾತ್ರ ನಿಮ್ಮ ಅತ್ತೆಯವರನ್ನೇ ಕೇಳಿ.